ಒಳಗೆ ಬಾಡು ಇದೆ ನಿಜ, ಎಷ್ಟಿದೆ?

ಪ್ರಶ್ನೆ: ನಾವು ಮಂಡ್ಯದವರು. ಮಗಳಿಗೆ 16 ವರ್ಷ, ಮಗನಿಗೆ 13. ಇಬ್ಬರೂ ತುಂಡು ಮಾಂಸ ಮುಟ್ಟುವುದಿಲ್ಲ. ಮುದ್ದೆ, ಮಟನ್ ಸಾರು ಮಾಡಿದ ದಿನ ಸಾರಿನಲ್ಲಿ ಮುದ್ದೆ ನುಂಗಿ, ತುಂಡನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಅದೇ ಕೈಮ ಸಮೋಸ, ಚಿಕನ್ ಪಫ್ಸ್, ಮೊಮೊ, ಕೈಮ ಪರೋಟ ಅಂದರೆ ಎಷ್ಟು ಕೊಟ್ಟರೂ ಖಾಲಿ. ನಮ್ಮತ್ತೆ "ಒಳಗಡೆ ಬಾಡು ಐತಲ್ಲ, ಅಷ್ಟು ಸಾಕು ಬುಡು" ಅಂತಾರೆ. ಹೋದ ತಿಂಗಳು ಮಗಳ ಹಿಮೋಗ್ಲೋಬಿನ್ 9.8 ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಾಂಸ, ಲಿವರ್ ಕೊಡಿ ಅಂದರು. ಹೀಗೆ ಹೂರಣವಾಗಿ ತಿಂದರೂ ತುಂಡು ಮಾಂಸದಷ್ಟೇ ಸತ್ವ ಸಿಗುತ್ತದಾ ಮೇಡಂ? ಮನೆಯಲ್ಲೇ ಮಾಡಿ ಶಾಲೆಯ ಡಬ್ಬಿಗೆ ಹಾಕಬಹುದಾ? ಯಜಮಾನರಿಗೆ ಕೊಲೆಸ್ಟ್ರಾಲ್ ಬೇರೆ ಇದೆ.

ಉತ್ತರ: ನಿಮ್ಮತ್ತೆಯವರು ಹೇಳಿದ್ದು ಅರ್ಧ ಸರಿ. ಉಳಿದರ್ಧಕ್ಕೆ ಅವರನ್ನೇ ಒಂದು ಮಾತು ಕೇಳಿ ನೋಡಿ. ಒಳ್ಳೆ ಒಬ್ಬಟ್ಟು ಅಂದರೆ ಯಾವುದು? ಕಣಕ ತೆಳ್ಳಗಿರಬೇಕು, ಹೂರಣ ಅಂಚಿನ ತನಕ ಹರಡಿರಬೇಕು ಅಂತ ತಟ್ಟನೆ ಹೇಳ್ತಾರೆ. ನಡುವೆ ಒಂದು ಚಮಚ ಹೂರಣ ಇಟ್ಟು ಸುತ್ತ ಬರೀ ಮೈದಾ ತಟ್ಟಿಕೊಟ್ಟರೆ ಅವರು ಅದನ್ನು ಒಬ್ಬಟ್ಟು ಅಂತ ಒಪ್ಪುವುದಿಲ್ಲ ಅಲ್ವಾ? ಸಮೋಸ, ಪಫ್ಸ್, ಮೊಮೊಗೂ ಅದೇ ಲೆಕ್ಕ ಹಾಕಿ. ಒಳಗೆ ಬಾಡು ಎಷ್ಟಿದೆ, ಸುತ್ತ ಏನಿದೆ, ಯಾವುದರಲ್ಲಿ ಬೆಂದಿದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಮೂರರಲ್ಲೇ.

ಮೊದಲು ಒಂದು ಅನುಮಾನ ಕಳೆಯೋಣ. ಮಾಂಸವನ್ನು ಕೊಚ್ಚಿ ಕೈಮ ಮಾಡಿದ ಮಾತ್ರಕ್ಕೆ ಅದರ ಸತ್ವ ಎಲ್ಲೂ ಹೋಗುವುದಿಲ್ಲ. ಪ್ರೋಟೀನ್ ಅಷ್ಟೇ ಇರುತ್ತದೆ, ಕಬ್ಬಿಣ ಅಷ್ಟೇ ಇರುತ್ತದೆ. ಅಗಿಯಲು ಸುಲಭ ಆಗುವುದು ಲಾಭ. ವಯಸ್ಸಾದವರಲ್ಲಿ ಗಟ್ಟಿ ತುಂಡಿಗಿಂತ ಕೈಮದ ಪ್ರೋಟೀನ್ ಬೇಗ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಹಲ್ಲು ಅಲ್ಲಾಡುವ ಅತ್ತೆಯವರಿಗೆ ಮಕ್ಕಳಿಗಿಂತ ಇದರ ಉಪಯೋಗ ಜಾಸ್ತಿ. ಹಾಗಾಗಿ ಮಕ್ಕಳು ತುಂಡು ತಿನ್ನಲ್ಲ ಅಂತ ಬೇಜಾರು ಬೇಡ. ಅವರು ಕೇಳುತ್ತಿರುವ ರೂಪ ತಪ್ಪಲ್ಲ. ಅಂಗಡಿಯವರು ಕೊಡುತ್ತಿರುವ ಅಳತೆ ಮಾತ್ರ ನೋಡಬೇಕು.

ಹಸಿ ಮಾಂಸದ ಲೆಕ್ಕ ಹೀಗಿದೆ. ನೆಣ ತೆಗೆದ 100 ಗ್ರಾಂ ಮಟನ್‌ನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಚರ್ಮ ತೆಗೆದ ಕೋಳಿಯ ಎದೆಭಾಗದಲ್ಲಿ ಒಂದೆರಡು ಗ್ರಾಂ ಜಾಸ್ತಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ನಿಮ್ಮ ಮಗನ ವಯಸ್ಸಿಗೆ ದಿನಕ್ಕೆ 45 ಗ್ರಾಂ ಪ್ರೋಟೀನ್ ಬೇಕು, ಮಗಳ ವಯಸ್ಸಿಗೆ 46 ಗ್ರಾಂ. ಈ ಎರಡು ಸಂಖ್ಯೆ ನೆನಪಿಟ್ಟುಕೊಂಡು ಬೇಕರಿಗೆ ಹೋಗೋಣ.

ಒಂದು ಚಿಕನ್ ಪಫ್ಸ್ ತಂದು ಚಾಕುವಿನಲ್ಲಿ ಅರ್ಧಕ್ಕೆ ಕತ್ತರಿಸಿ. ಸುಮ್ನೆ ತಮಾಷೆಗೆ ಹೇಳ್ತಿಲ್ಲ, ನನ್ನ ಹತ್ತಿರ ಬರುವ ಎಷ್ಟೋ ತಾಯಂದಿರಿಗೆ ಇದನ್ನೇ ಮಾಡಿ ನೋಡಿ ಅಂತ ಹೇಳಿದ್ದೇನೆ. ಮೇಲೆ ಪದರ ಪದರವಾಗಿ ಮೈದಾ, ಪ್ರತಿ ಪದರದ ನಡುವೆ ವನಸ್ಪತಿಯೋ ಮಾರ್ಗರಿನ್ನೋ. ಒಳಗೆ ಒಂದು ದೊಡ್ಡ ಚಮಚ ಹೂರಣ. ಅದರಲ್ಲೂ ಅರ್ಧದಷ್ಟು ಈರುಳ್ಳಿ. ಕೋಳಿ ಅಂತ ಇರುವುದು ಹತ್ತು ಗ್ರಾಂ ಅಂದುಕೊಳ್ಳಿ. ಬೆಂದ ಮಾಂಸವಾದ್ದರಿಂದ ಎರಡೂವರೆ, ಮೂರು ಗ್ರಾಂ ಪ್ರೋಟೀನ್ ಸಿಕ್ಕೀತು. ಅದರ ಪಕ್ಕದ ತಟ್ಟೆಯಲ್ಲಿರುವ, ಕಮ್ಮಿ ಬೆಲೆಯ ಎಗ್ ಪಫ್ಸ್‌ನಲ್ಲಿ ಅರ್ಧ ಮೊಟ್ಟೆ ಇರುತ್ತದೆ. ಅದೂ 3 ಗ್ರಾಂ! ಚಿಕನ್ ಅನ್ನುವ ಹೆಸರಿಗೆ ನಾವು ಜಾಸ್ತಿ ದುಡ್ಡು ಕೊಡುತ್ತಿದ್ದೇವೆ ಅಷ್ಟೇ. ಇಡೀ ಪಫ್ಸಿನ ಕ್ಯಾಲೊರಿ 300ರ ಆಸುಪಾಸು ಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು ಕೊಬ್ಬಿನದು. 2022ರ ಜನವರಿಯಿಂದ ಟ್ರಾನ್ಸ್ ಕೊಬ್ಬು ಶೇಕಡಾ 2ಕ್ಕಿಂತ ಹೆಚ್ಚಿರಬಾರದು ಅಂತ ಕಾನೂನು ಬಂದಿದೆ, ಒಳ್ಳೆಯದೇ. ಆದರೆ ಟ್ರಾನ್ಸ್ ಕೊಬ್ಬು ಕಮ್ಮಿಯಾದ ಮಾತ್ರಕ್ಕೆ ಪದರದೊಳಗಿನ ಗಟ್ಟಿ ಕೊಬ್ಬು ಎಲ್ಲಿಗೂ ಹೋಗಿಲ್ಲ.

ಸಮೋಸದ ಕಥೆ ಸ್ವಲ್ಪ ವಾಸಿ. ರಂಜಾನ್ ತಿಂಗಳಲ್ಲಿ ಮೈಸೂರಿನ ಮಂಡಿ ಮೊಹಲ್ಲಾ ಕಡೆ ಸಂಜೆ ಹೋದರೆ ತೆಳ್ಳನೆ ಪಟ್ಟಿ ಸುತ್ತಿದ ಕೈಮ ಸಮೋಸ ಸಿಗುತ್ತದೆ. ಕಣಕ ತೆಳ್ಳಗಿರುವುದರಿಂದ ಒಬ್ಬಟ್ಟಿನ ಪರೀಕ್ಷೆಯಲ್ಲಿ ಅದು ಪಾಸ್. ಗಾತ್ರ ಸಣ್ಣದು, ಹಾಗಾಗಿ ಒಂದರಲ್ಲಿ 2 ಗ್ರಾಂ ಪ್ರೋಟೀನ್ ಬಂದರೆ ಹೆಚ್ಚು. ಎಣ್ಣೆ ಮಾತ್ರ ಕುಡಿದಿರುತ್ತದೆ. ದಪ್ಪ ಕಣಕದ ದೊಡ್ಡ ಸಮೋಸಕ್ಕೆ ಬಂದರೆ ಒಳಗೆ ಆಲೂಗಡ್ಡೆಯೂ ಸೇರಿರುತ್ತದೆ, ಬಾಡನ್ನು ಹುಡುಕಬೇಕು. ಇನ್ನು ಕೆಲವು ಕಡೆ ಕೈಮಕ್ಕೆ ಸೋಯಾ ಬೆರೆಸುತ್ತಾರೆ. ಹೇಳದೆ ಬೆರೆಸಿದರೆ ಅದು ಮೋಸವೇ. ಆದರೆ ಪ್ರೋಟೀನ್ ಲೆಕ್ಕದಲ್ಲಿ ನಷ್ಟ ಇಲ್ಲ. ಒಣ ಸೋಯಾದಲ್ಲಿ 100 ಗ್ರಾಮಿಗೆ 50 ಗ್ರಾಂ ದಾಟುವಷ್ಟು ಪ್ರೋಟೀನ್ ಇದೆ. ನಷ್ಟ ಆಗುವುದು ಬಿ12 ಜೀವಸತ್ವ ಮತ್ತು ಮಾಂಸದ ಕಬ್ಬಿಣದಲ್ಲಿ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊಮೊ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡ್ತೀನಿ. ನಮ್ಮ ಪಿರಿಯಾಪಟ್ಟಣದ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟಿನ ಜನ ಬಂದು ನೆಲೆಸಿದರು. ಅವರ ಅಡುಗೆಯ ಮೊಮೊ ಈಗ ಮೈಸೂರು, ಮಂಡ್ಯದ ರಸ್ತೆ ಬದಿಗೂ ಬಂದಿದೆ. ಹಬೆಯಲ್ಲಿ ಬೇಯಿಸುವುದರಿಂದ ಎಣ್ಣೆ ಸೇರುವುದಿಲ್ಲ. ಇನ್ನೊಂದು ಲಾಭ ಯಾರೂ ಗಮನಿಸುವುದಿಲ್ಲ. ಮಾಂಸ ಬೇಯುವಾಗ ರಸ ಬಿಡುತ್ತದೆ, 100 ಗ್ರಾಂ ಹಸಿ ಮಾಂಸ ಬೆಂದ ಮೇಲೆ 70, 75 ಗ್ರಾಮಿಗೆ ಇಳಿಯುತ್ತದೆ. ನೀರಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು ಆ ರಸದ ಜೊತೆ ಹೊರಗೆ ಬರುತ್ತವೆ. ಬಾಯಿ ಮುಚ್ಚಿದ ಮೊಮೊದಲ್ಲಿ ಆ ರಸ ಒಳಗೇ ಉಳಿಯುತ್ತದೆ. ಕಚ್ಚಿದಾಗ ನಾಲಿಗೆ ಸುಡುತ್ತದಲ್ಲ, ಅದೇ. ನಮ್ಮ ಕೈಮ ಉಂಡೆ ಸಾರಿನಲ್ಲೂ ಹೀಗೇ. ಉಂಡೆ ಬಿಟ್ಟ ರಸ ಸಾರಿಗೆ ಸೇರುತ್ತದೆ, ಸಾರು ಮುದ್ದೆ ಜೊತೆ ಹೊಟ್ಟೆಗೆ ಹೋಗುತ್ತದೆ, ಏನೂ ದಂಡವಾಗಲ್ಲ. ಆದರೆ ರಸ್ತೆ ಬದಿಯ ಮೊಮೊದಲ್ಲಿ ಎಲೆಕೋಸೇ ಮುಕ್ಕಾಲು ಪಾಲು ಇರಬಹುದು. ಅದನ್ನೂ ಬಿಡಿಸಿ ನೋಡಿ. ಕರಿದ ಮೊಮೊ ತಿಂದರೆ ನಾನು ಹೇಳಿದ ಲಾಭ ಎಲ್ಲಾ ಎಣ್ಣೆಪಾಲು.

ಈಗ ಮನೆಯ ಹೂರಣಕ್ಕೆ ಬರೋಣ. ಇಲ್ಲಿ ನಿಮ್ಮ ಕೈಯಲ್ಲಿ ಮಾಡುವುದು ಬಹಳ ಇದೆ.

ಮಟನ್ ಅಂಗಡಿಯಲ್ಲಿ "ಅರ್ಧ ಕೆಜಿ ಕೈಮ ಕೊಡಿ" ಅಂತ ಹೇಳಿ ಪಕ್ಕಕ್ಕೆ ತಿರುಗಿದರೆ ಚೂರುಪಾರು, ನೆಣ ಎಲ್ಲಾ ಸೇರಿ ಮೆಷಿನ್ನಿಗೆ ಹೋಗುತ್ತದೆ. ತೊಡೆಯ ತುಂಡು ತೋರಿಸಿ, ಕಣ್ಣೆದುರೇ ನೆಣ ತೆಗೆಸಿ, ಕೊಚ್ಚಿಸಿಕೊಳ್ಳಿ. ಬನ್ನೂರು ಕುರಿಯ ಬಾಡು ನಮ್ಮ ಕಡೆಯ ಹೆಮ್ಮೆ. ಮಾಂಸದ ಎಳೆಗಳ ನಡುವೆಯೇ ನೆಣ ಹರಡಿರುವುದು ಅದರ ರುಚಿಯ ಗುಟ್ಟು. ಸಾರಿಗೆ ಅದನ್ನು ಮೀರಿಸುವ ಬಾಡಿಲ್ಲ ಅಂತ ನಾನೂ ಒಪ್ತೀನಿ. ಆದರೆ ಹೂರಣಕ್ಕೆ ಮೇಕೆ ಮಾಂಸವೇ ವಾಸಿ, ಕೊಬ್ಬು ಕಡಿಮೆ. ಸಾರಿನಲ್ಲಾದರೆ ಮೇಲೆ ತೇಲುವ ನೆಣವನ್ನು ಸೌಟಿನಲ್ಲಿ ತೆಗೆದುಬಿಡಬಹುದು. ಹೂರಣದಲ್ಲಿ ಇಂಗಿದ ನೆಣವನ್ನು ಹೇಗೆ ತೆಗೀತೀರಿ?

ವ್ಯತ್ಯಾಸ ಎಷ್ಟಾಗುತ್ತದೆ ನೋಡಿ. ನೆಣ ತೆಗೆದ ಕಾಲು ಕೆಜಿ ಕೈಮದಲ್ಲಿ ಕೊಬ್ಬು ಸುಮಾರು 10 ಗ್ರಾಂ. ಚೂರುಪಾರು ಸೇರಿದ ಕೈಮದಲ್ಲಿ ಐದನೇ ಒಂದು ಪಾಲು ಕೊಬ್ಬೇ ಇದ್ದರೆ 50 ಗ್ರಾಂ. ಕೊಬ್ಬಿನ ಪ್ರತಿ ಗ್ರಾಮಿಗೆ 9 ಕ್ಯಾಲೊರಿ, ಅಲ್ಲಿಗೆ 360 ಕ್ಯಾಲೊರಿ ಸುಮ್ನೆ ಸೇರಿಕೊಂಡಿತು. ಕೊಬ್ಬು ಏರಿದಷ್ಟು ಪ್ರೋಟೀನ್ ಇಳಿಯುತ್ತದೆ. ಒಂದೇ ದುಡ್ಡು, ಎರಡು ಬೇರೆ ಬೇರೆ ಪದಾರ್ಥ. ಕೋಳಿ ಕೈಮ ಮಾಡಿಸುವಾಗಲೂ ಚರ್ಮ ಬೇಡ ಅಂತ ಬಾಯಿಬಿಟ್ಟು ಹೇಳಿ. ಚರ್ಮದಲ್ಲಿ ಮೂರನೇ ಒಂದು ಪಾಲು ಕೊಬ್ಬೇ.

ನಾನು ಹೇಳುವ ಅಳತೆ ಇದು. ಕೈಮ ಕಾಲು ಕೆಜಿ, ಎರಡು ದೊಡ್ಡ ಈರುಳ್ಳಿ, ಹುರಿಗಡಲೆ ಪುಡಿ 25 ಗ್ರಾಂ, ಎಣ್ಣೆ ಎರಡು ಚಮಚ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ನಿಮ್ಮ ಮನೆಯ ಮಸಾಲೆ. ತೊಳೆಯುವುದಿದ್ದರೆ ತುಂಡಾಗಿರುವಾಗಲೇ ತೊಳೆಯಿರಿ. ಕೊಚ್ಚಿದ ಮೇಲೆ ಜರಡಿಗೆ ಹಾಕಿ ನಾಲ್ಕು ನೀರಲ್ಲಿ ತೊಳೆಯುವವರಿದ್ದಾರೆ, ಅವರು ಚರಂಡಿಗೆ ಪೋಷಣೆ ಮಾಡುತ್ತಿದ್ದಾರೆ. ಬಾಣಲೆಯಲ್ಲಿ ಕೈಮ ನೀರು ಬಿಟ್ಟಾಗ ಅದನ್ನೂ ಚೆಲ್ಲಬೇಡಿ, ಅಲ್ಲೇ ಇಂಗಿಸಿ. ಕೊನೆಗೆ ಸುಮಾರು 300 ಗ್ರಾಂ ಹೂರಣ ಬರುತ್ತದೆ. ಮಾಂಸದಿಂದ 50 ಗ್ರಾಂ, ಹುರಿಗಡಲೆಯಿಂದ 5 ಗ್ರಾಂ, ಒಟ್ಟು 55 ಗ್ರಾಂ ಪ್ರೋಟೀನ್. ಹುರಿಗಡಲೆ ಹಾಕುವುದು ಉಂಡೆ ಒಡೆಯದಿರಲಿ ಅಂತ ಮಾತ್ರ ಅಂದುಕೊಂಡಿದ್ದೇವೆ, ಅದರಲ್ಲೂ ಶೇಕಡಾ 20ಕ್ಕೂ ಮೇಲೆ ಪ್ರೋಟೀನ್ ಇದೆ.

ಈ ಹೂರಣದ 50 ಗ್ರಾಮನ್ನು ಗೋಧಿ ಹಿಟ್ಟಿನ ಒಂದು ಚಪಾತಿಗೆ ತುಂಬಿ, ಒಂದು ಚಮಚ ಎಣ್ಣೆಯಲ್ಲಿ ಕಾವಲಿ ಮೇಲೆ ಬೇಯಿಸಿ. ಹೂರಣದಿಂದ 9 ಗ್ರಾಂ, ಗೋಧಿಯಿಂದ 4 ಗ್ರಾಂ, ಹದಿಮೂರು ಗ್ರಾಂ ಪ್ರೋಟೀನ್ ಆಯ್ತು. ಮಗನ ದಿನದ ಲೆಕ್ಕದಲ್ಲಿ ಮೂರನೇ ಒಂದು ಪಾಲಿನ ಹತ್ತಿರ. ಕ್ಯಾಲೊರಿ 250ರ ಸುತ್ತಮುತ್ತ. ಪಫ್ಸ್ ಜೊತೆ ಹೋಲಿಸಿ, ಮೈದಾದ ಪ್ರೋಟೀನನ್ನೂ ಸೇರಿಸಿಕೊಂಡೇ ಹೋಲಿಸಿ. ಆಗಲೂ ಇದು ಅದರ ಎರಡರಷ್ಟು ನಿಲ್ಲುತ್ತದೆ. ದಪ್ಪ ಮೆಣಸಿನಕಾಯಿಗೆ ಇದೇ ಹೂರಣ ತುಂಬಿ ಬೇಯಿಸಿದರೆ ಇನ್ನೂ ಒಳ್ಳೆಯದು. ಹಾಗೆ ಯಾಕೆ ಅಂದೆ ಅನ್ನುವುದು ಮಗಳ ವಿಷಯದಲ್ಲಿ ಬರುತ್ತದೆ.

ಹುಡುಗಿಗೆ 9.8 ಅಂದರೆ ರಕ್ತಹೀನತೆ, ಅದೂ ಮಧ್ಯಮ ಮಟ್ಟದ್ದು. ಆ ವಯಸ್ಸಿಗೆ 12ಕ್ಕಿಂತ ಕಡಿಮೆ ಇರಬಾರದು. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳಬೇಕು. ಸಮೋಸದಿಂದಾಗಲಿ ತುಂಡು ಮಾಂಸದಿಂದಾಗಲಿ ಈ ಕೊರತೆ ತಿಂಗಳೊಪ್ಪತ್ತಿನಲ್ಲಿ ತುಂಬುವುದಿಲ್ಲ. ಅವಳಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣ ಬೇಕು. 100 ಗ್ರಾಂ ಮಟನ್‌ನಲ್ಲಿ ಇರುವುದು 2 ಮಿಲಿಗ್ರಾಂ ಆಸುಪಾಸು, ಕೋಳಿಯಲ್ಲಿ ಒಂದು ಮಿಲಿಗ್ರಾಮೂ ಕಷ್ಟ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದೆಯಲ್ಲ, ಆ ಒಂದರಲ್ಲೇ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಡಾಕ್ಟರು ಬರೆದ ಮಾತ್ರೆ ಒಂದು ದಿನವೂ ತಪ್ಪಬಾರದು. ಜಂತುಹುಳದ ಮಾತ್ರೆ ಕೊಟ್ಟು ಎಷ್ಟು ದಿನವಾಯ್ತು ಅನ್ನುವುದನ್ನೂ ಅವರ ಹತ್ತಿರ ಕೇಳಿ.

ಹಾಗಾದರೆ ಮಾಂಸ ಯಾಕೆ ಅಂದರು? ಸಂಖ್ಯೆಯಲ್ಲಿ ಸಣ್ಣದಾದರೂ ಮಾಂಸದ ಕಬ್ಬಿಣದಲ್ಲಿ ಒಂದು ಭಾಗ ಹೀಮ್ ರೂಪದಲ್ಲಿ ಇರುತ್ತದೆ. ಆ ಭಾಗದ ಶೇಕಡಾ 15ರಿಂದ 35ರಷ್ಟನ್ನು ಮೈ ಹೀರಿಕೊಳ್ಳುತ್ತದೆ. ಸೊಪ್ಪು, ರಾಗಿ, ಕಾಳಿನ ಕಬ್ಬಿಣದಲ್ಲಿ ಹತ್ತನೇ ಒಂದು ಪಾಲು ಸೇರುವುದೂ ಅನುಮಾನ. ಇನ್ನೊಂದು ಸ್ವಾರಸ್ಯ ಇದೆ. ಅದೇ ತಟ್ಟೆಯಲ್ಲಿ ಸ್ವಲ್ಪ ಮಾಂಸ ಇದ್ದರೆ ರಾಗಿ, ಕಾಳಿನ ಕಬ್ಬಿಣವೂ ಜಾಸ್ತಿ ಹೀರಿಕೊಳ್ಳುತ್ತದೆ. ಸಿ ಜೀವಸತ್ವ ಕೂಡ ಇದೇ ಕೆಲಸ ಮಾಡುತ್ತದೆ, ಅದಕ್ಕೇ ದಪ್ಪ ಮೆಣಸಿನಕಾಯಿ ಅಂದದ್ದು. ಹೂರಣ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಕುದಿಯುವಾಗ ಬೇಡ. ಕೈಮ ಉಂಡೆ ಸಾರು, ಮುದ್ದೆ, ಪಕ್ಕಕ್ಕೊಂದು ನಿಂಬೆಹೋಳು. ನಿಮ್ಮ ಮಗಳಿಗೆ ಇದಕ್ಕಿಂತ ಒಳ್ಳೆ ಊಟ ನನಗೆ ತೋಚುತ್ತಿಲ್ಲ. ತುಂಡು ಬೇಡ ಅನ್ನುವವಳು ಉಂಡೆ ಬೇಡ ಅನ್ನಲಾರಳು, ಅಲ್ವಾ?

ಸಮೋಸದ ಜೊತೆ ಟೀ ಕುಡಿಯುವ ಅಭ್ಯಾಸ ಇದ್ದರೆ ಬಿಡಿಸಿ. ಟೀ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಒಂದು ಗಂಟೆ ಅಂತರ ಇರಲಿ. ಮಾತ್ರೆಗೂ ಅದೇ ನಿಯಮ.

ಲಿವರ್ ವಿಷಯ. ನಮ್ಮೂರ ಮಾತಿನಲ್ಲಿ ಈಲಿ. ಕುರಿಯ ಈಲಿಯಲ್ಲಿ 100 ಗ್ರಾಮಿಗೆ ಸುಮಾರು 7 ಮಿಲಿಗ್ರಾಂ ಕಬ್ಬಿಣ, ಕೋಳಿಯದ್ದರಲ್ಲಿ ಇನ್ನೂ ತುಸು ಜಾಸ್ತಿ. ಬಿ12 ಅಂತೂ ಧಂಡಿಯಾಗಿದೆ. ಹಿಂದೆ ಹೊಸತೊಡಕಿನ ದಿನ ಊರಲ್ಲಿ ಗುಡ್ಡೆ ಬಾಡು ಹಾಕುತ್ತಿದ್ದರು, ಈಗಲೂ ಎಷ್ಟೋ ಹಳ್ಳಿಗಳಲ್ಲಿ ಉಂಟು. ಮಾಂಸ, ಮೂಳೆ, ಬೋಟಿ, ಈಲಿ ಎಲ್ಲವೂ ಸಮವಾಗಿ ಪ್ರತಿ ಗುಡ್ಡೆಗೆ ಬೀಳಬೇಕು, ಇಲ್ಲದಿದ್ದರೆ ಜಗಳ. ಆ ಹಂಚಿಕೆಯಲ್ಲಿ ಯಾರೂ ಲೆಕ್ಕ ಹಾಕದೆಯೇ ಪ್ರತಿ ಮನೆಗೂ ಒಂದೆರಡು ತುಂಡು ಈಲಿ ಸೇರುತ್ತಿತ್ತು. ನಾವೀಗ ಅಂಗಡಿಯಲ್ಲಿ ಬರೀ ಮೆತ್ತನೆ ಮಾಂಸ ಆರಿಸಿಕೊಂಡು ಬರುತ್ತೇವೆ, ಈಲಿ ಅಲ್ಲೇ ಉಳಿಯುತ್ತದೆ. ನೀವು ಗುಡ್ಡೆಯ ಲೆಕ್ಕವನ್ನು ಹೂರಣಕ್ಕೆ ತನ್ನಿ. 200 ಗ್ರಾಂ ಕೈಮಕ್ಕೆ 50 ಗ್ರಾಂ ಈಲಿ ಸಣ್ಣಗೆ ಕೊಚ್ಚಿ ಬೆರೆಸಿ. ಸಬ್ಬಸಿಗೆ, ಪುದೀನದ ಘಮದಲ್ಲಿ ಅದರ ವಾಸನೆ ಮಕ್ಕಳಿಗೆ ಗೊತ್ತಾಗುವುದಿಲ್ಲ. ಹೂರಣದ ಒಟ್ಟು ಕಬ್ಬಿಣ ಒಂದೂವರೆಪಟ್ಟು ಆಗುತ್ತದೆ. ವಾರಕ್ಕೊಂದು ಸಲ ಸಾಕು, ಈಲಿಯಲ್ಲಿ ಎ ಜೀವಸತ್ವ ವಿಪರೀತ ಇರುತ್ತದೆ. ಮನೆಯಲ್ಲಿ ಬಸುರಿ ಹೆಂಗಸರು ಇದ್ದರೆ ಅವರಿಗೆ ಈ ಹೂರಣ ಬೇಡ. ನಿಮ್ಮ ಯಜಮಾನರಿಗೂ ಈಲಿ ಇಲ್ಲದ ಹೂರಣ ತೆಗೆದಿಡಿ, ಅದರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ. ಉಳಿದಂತೆ ಅವರು ಬಿಡಬೇಕಾದದ್ದು ಕೈಮಕ್ಕಿಂತ ಮೊದಲು ಪಫ್ಸ್.

ಇನ್ನು ಡಬ್ಬಿ. ಇದಕ್ಕೆ ನನ್ನ ಮನೆಯ ಕಥೆಯೇ ಹೇಳಬೇಕು. ಕೆಲವು ವರ್ಷದ ಹಿಂದೆ ಹೊಸತೊಡಕಿನ ರಾತ್ರಿ ಎರಡು ಕೆಜಿ ಕೈಮದ ಪಲ್ಯ ಉಳಿದಿತ್ತು. ದಪ್ಪ ತಳದ ಪಾತ್ರೆಯಲ್ಲೇ ಮುಚ್ಚಿ, ಬೆಳಗ್ಗೆ ನೋಡಿಕೊಳ್ಳೋಣ ಅಂತ ಕಟ್ಟೆಯ ಮೇಲೆ ಬಿಟ್ಟು ಮಲಗಿದೆ. ಬೆಳಗ್ಗೆ ವಾಸನೆ ಚೆನ್ನಾಗಿಯೇ ಇತ್ತು. ಪರೋಟ ಮಾಡಿ ಎಲ್ಲರಿಗೂ ಬಡಿಸಿದೆ. ಸಂಜೆಯ ಹೊತ್ತಿಗೆ ಮನೆಯ ಆರು ಜನಕ್ಕೆ ಇರುವ ಒಂದು ಕಕ್ಕಸು ಸಾಲಲಿಲ್ಲ. ಪೋಷಣೆ ಪಾಠ ಮಾಡುವವಳ ಮನೆಯಲ್ಲಿ! ನನ್ನ ನಾದಿನಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ತಪ್ಪು ಎರಡು ಕಡೆ ಆಗಿತ್ತು. ತುಂಡು ಮಾಂಸದಲ್ಲಿ ರೋಗಾಣು ಹೊರಮೈ ಮೇಲೆ ಇರುತ್ತವೆ. ಕೊಚ್ಚಿದಾಗ ಅವು ಒಳಗೆಲ್ಲ ಬೆರೆಯುತ್ತವೆ. ಬೇಯಿಸಿದರೂ ಕೆಲವು ಬೀಜದ ರೂಪದಲ್ಲಿ ಬದುಕಿ, ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ ಮತ್ತೆ ಬೆಳೆಯುತ್ತವೆ. ಎರಡನೆಯದು, ಪರೋಟ ಮಾಡುವಾಗ ಕಾವಲಿಯ ಕಾವು ಹಿಟ್ಟಿಗೆ ತಾಗುತ್ತದೆ, ನಡುವಿನ ಹೂರಣ ಬರೀ ಬೆಚ್ಚಗಾಗುತ್ತದೆ. ಹೊರಗೆ ಕೆಂಪಗಾಗಿದೆ ಅಂತ ಒಳಗೂ ಕುದಿದಿದೆ ಅಂದುಕೊಳ್ಳಬೇಡಿ. ಹಾಗಾಗಿ ಹಸಿ ಕೈಮವನ್ನು ಪರೋಟಕ್ಕೋ ಸಮೋಸಕ್ಕೋ ತುಂಬಲೇಬೇಡಿ, ಪೂರ್ತಿ ಬೇಯಿಸಿಯೇ ತುಂಬಿ. ಮೊಮೊಗೆ ಹಸಿಯಾಗಿ ತುಂಬುವುದು ವಾಡಿಕೆ, ಅಲ್ಲಿ ಸಣ್ಣದಾಗಿ ಮಾಡಿ ಚೆನ್ನಾಗಿ ಹಬೆ ಕೊಡಿ, ಒಂದನ್ನು ಬಿಡಿಸಿ ನಡುವೆ ಕೆಂಪು ಉಳಿದಿಲ್ಲ ಅಂತ ನೋಡಿ. ಹೂರಣ ಉಳಿದರೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಮಾರನೆಯ ದಿನ ಬಾಣಲೆಯಲ್ಲಿ ಹಬೆಯಾಡುವ ತನಕ ಬಿಸಿ ಮಾಡಿ, ಆಮೇಲೆ ತುಂಬಿ. ಮೂರನೆಯ ದಿನಕ್ಕೆ ಬೇಡ.

ಬೆಳಗ್ಗೆ ಏಳೂವರೆಗೆ ಕಟ್ಟಿದ ಡಬ್ಬಿ ಮಧ್ಯಾಹ್ನ ಒಂದಕ್ಕೆ ತೆಗೆದರೆ ಐದೂವರೆ ಗಂಟೆ ಆಯ್ತು. ಮಾರ್ಚ್, ಏಪ್ರಿಲ್‌ನ ಮಂಡ್ಯದ ಬಿಸಿಲಲ್ಲಿ, ಮುಚ್ಚಿದ ಬ್ಯಾಗಿನೊಳಗೆ? ನಾನಾಗಿದ್ದರೆ ಕಳಿಸುವುದಿಲ್ಲ. ಚಳಿಗಾಲದಲ್ಲೂ ನನಗೆ ಧೈರ್ಯ ಸಾಲದು. ಹತ್ತು ಗಂಟೆಯ ಸಣ್ಣ ಬಿಡುವಿನಲ್ಲಿ ತಿನ್ನುವಂತಿದ್ದರೆ ಆಗಬಹುದು. ಡಬ್ಬಿಗೆ ಹುರಿಗಡಲೆ, ಕಡಲೆಬೀಜ, ಚಪಾತಿ ಪಲ್ಯ ಹಾಕಿ. ಕೈಮದ್ದನ್ನು ಅವರು ಸಂಜೆ ಐದಕ್ಕೆ ಹಸಿದು ಮನೆಗೆ ಬರುವ ಹೊತ್ತಿಗೆ ಬಿಸಿಯಾಗಿ ಕೊಡಿ. ಬೇಕರಿಗೆ ಹೋಗುವ ಹೊತ್ತೂ ಅದೇ ನೋಡಿ, ಅಲ್ಲಿಗೆ ಪಫ್ಸೂ ತಾನಾಗೇ ತಪ್ಪುತ್ತದೆ.

ಮಗಳಿಗೆ ಮಾತ್ರೆ ಶುರುವಾಗಿ ಒಂದು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಸರಿಯಾಗಿ ತೆಗೆದುಕೊಂಡಿದ್ದರೆ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಿರಬೇಕು. ಏರಿಲ್ಲದಿದ್ದರೆ ಊಟದಲ್ಲಿ ಕಾರಣ ಹುಡುಕುತ್ತಾ ಕೂರಬೇಡಿ, ಅದೇ ಡಾಕ್ಟರ ಹತ್ತಿರ ವರದಿ ತೆಗೆದುಕೊಂಡು ಹೋಗಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ ಅಂತ ಅವಳನ್ನು ನೀವೇ ಒಮ್ಮೆ ಕೇಳಿಕೊಂಡು ಹೋಗಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.